ಹೃದಯದ ಆಸರೆ ಕಾಲಿಗೆ ಕುತ್ತಾಗದಿರಲಿ

ನಿಕ್ ಕಾರ್ಡೆರೊ ಕೆನಡಾದಲ್ಲಿ ಹುಟ್ಟಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ಹೆಸರು ಮಾಡಿದ ನಟ, ಹಾಡುಗಾರ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ತಗುಲಿ ಲಾಸ್ ಏಂಜಲೀಸ್‌ನ ಸೀಡರ್ಸ್ ಸೈನಾಯ್ ಆಸ್ಪತ್ರೆ ಸೇರಿದರು. ಸ್ಥಿತಿ ಬಿಗಡಾಯಿಸಿದಾಗ ವೈದ್ಯರು ಹೃದಯ, ಶ್ವಾಸಕೋಶಗಳಿಗೆ ಆಸರೆಯಾಗುವ ಎಕ್ಮೋ ಯಂತ್ರ ಜೋಡಿಸಿದರು. ಯಂತ್ರ ಪ್ರಾಣ ಹಿಡಿದಿಟ್ಟಿತು. ಆದರೆ ಬಲಗಾಲಿನ ಬೆರಳುಗಳವರೆಗೆ ರಕ್ತ ಇಳಿಯಲಿಲ್ಲ. ಹೆಪ್ಪುಗಟ್ಟದಂತೆ ಔಷಧ ಕೊಟ್ಟರು, ಆ ಔಷಧದಿಂದ ಕರುಳಿನೊಳಗೆ ರಕ್ತ ಸೋರತೊಡಗಿತು. ಔಷಧ ನಿಲ್ಲಿಸಿದರೆ ಕಾಲಿನಲ್ಲಿ ಮತ್ತೆ ಹೆಪ್ಪು. ಏಪ್ರಿಲ್ 18ರಂದು ಬಲಗಾಲನ್ನು ತೆಗೆಯಲೇಬೇಕಾಯಿತು. ಅವರ ಪತ್ನಿ ಅಮಾಂಡಾ ಕ್ಲೂಟ್ಸ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಜಗತ್ತಿಗೆ ಹೇಳಿದರು. ಜುಲೈ 5ರಂದು ಕಾರ್ಡೆರೊ ತೀರಿಕೊಂಡರು. ವಯಸ್ಸು 41.

ಕನ್ನಡದ ಓದುಗರಿಗೂ ಇಂಥ ಯಂತ್ರಗಳ ಹೆಸರು ಹೊಸತೇನಲ್ಲ. 2016ರ ಡಿಸೆಂಬರ್‌ನಲ್ಲಿ ಜಯಲಲಿತಾ ಅವರಿಗೆ ಚೆನ್ನೈನಲ್ಲಿ ಎಕ್ಮೋ ಅಳವಡಿಸಿದಾಗ ಆ ಪದ ಪತ್ರಿಕೆಗಳ ಮುಖಪುಟಕ್ಕೆ ಬಂತು. 2020ರ ಆಗಸ್ಟ್‌, ಸೆಪ್ಟೆಂಬರ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗಾಗಿ ಇಡೀ ಕರ್ನಾಟಕ ದಿನವೂ ಎಕ್ಮೋ ಬುಲೆಟಿನ್ ಕಾಯುತ್ತಿತ್ತು. 2023ರ ಜನವರಿಯಲ್ಲಿ ತೆಲುಗು ನಟ ತಾರಕರತ್ನ ಕುಪ್ಪಂನಲ್ಲಿ ಕುಸಿದು ಬಿದ್ದಾಗ ಬೆಂಗಳೂರಿನ ನಾರಾಯಣ ಹೃದಯಾಲಯದ ತಂಡ ಅಲ್ಲಿಗೇ ಹೋಯಿತು. ಅವರು ಹೃದಯಕ್ಕೆ ನೆರವಾಗುವ ಬಲೂನ್ ಪಂಪ್ ಆಸರೆಯಲ್ಲಿದ್ದಾರೆ ಎಂದು ಆಸ್ಪತ್ರೆಯ ಹೇಳಿಕೆ ತಿಳಿಸಿತು. ಇಂಥ ಬುಲೆಟಿನ್‌ಗಳಲ್ಲಿ ಸಾಮಾನ್ಯವಾಗಿ ಹೃದಯದ ಸುದ್ದಿ ಇರುತ್ತದೆ, ಶ್ವಾಸಕೋಶ, ಮೂತ್ರಪಿಂಡ, ಮಿದುಳಿನ ಸುದ್ದಿ ಇರುತ್ತದೆ. ಕಾಲಿನ ಸುದ್ದಿ ಇರುವುದಿಲ್ಲ. ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತ ಸಾಮಾನ್ಯ ಕುಟುಂಬಕ್ಕೂ ಆ ಸುದ್ದಿ ತಲುಪುವುದು ಬಹುಮಟ್ಟಿಗೆ ತಡವಾಗಿ, ಕೈಮೀರಿದ ಮೇಲೆ. ಇದು ಬದಲಾಗಬೇಕು.

ಹೃದಯಾಘಾತವಾದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಹೃದಯದ ಸ್ನಾಯು ತೀರಾ ಸೋತು, ದೇಹಕ್ಕೆ ಬೇಕಾದಷ್ಟು ರಕ್ತವನ್ನು ದೂಡಲಾಗದ ಸ್ಥಿತಿ ಬರುತ್ತದೆ. ವೈದ್ಯರು ಇದನ್ನು ಕಾರ್ಡಿಯೋಜೆನಿಕ್ ಶಾಕ್ ಎನ್ನುತ್ತಾರೆ. ಮುಚ್ಚಿದ ನಾಳವನ್ನು ಸ್ಟೆಂಟ್ ಹಾಕಿ ತೆರೆದರೂ ಇವರಲ್ಲಿ ನೂರಕ್ಕೆ ನಲವತ್ತರಿಂದ ಐವತ್ತು ಮಂದಿ ಉಳಿಯುವುದಿಲ್ಲ. ಹೃದಯ ಚೇತರಿಸಿಕೊಳ್ಳುವವರೆಗೆ ಕೆಲವು ಗಂಟೆ, ಕೆಲವು ದಿನ ಅದರ ಕೆಲಸದಲ್ಲಿ ಪಾಲು ತೆಗೆದುಕೊಳ್ಳಲೆಂದೇ ಈ ತಾತ್ಕಾಲಿಕ ಯಂತ್ರಗಳು ಹುಟ್ಟಿದವು.

ಮೊದಲು ಬಂದದ್ದು ಬಲೂನ್ ಪಂಪ್. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಮೈಮೊನಿಡೀಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಏಡ್ರಿಯನ್ ಕಾಂಟ್ರೊವಿಟ್ಜ್ 1967ರಲ್ಲಿ ಶಾಕ್‌ನಲ್ಲಿದ್ದ ಮಹಿಳೆಯೊಬ್ಬರ ತೊಡೆಯ ಅಪಧಮನಿಯನ್ನು ಸೀಳಿ, ಅದರ ಮೂಲಕ ಉದ್ದನೆಯ ಬಲೂನನ್ನು ಮಹಾಪಧಮನಿಗೆ ಏರಿಸಿದರು. ಹೃದಯ ಸಡಿಲಗೊಂಡಾಗ ಬಲೂನು ಹೀಲಿಯಂ ಅನಿಲದಿಂದ ಉಬ್ಬುತ್ತದೆ, ಹೃದಯ ಸಂಕುಚಿಸುವ ಮುನ್ನ ಕುಗ್ಗುತ್ತದೆ. ಉಬ್ಬಿದಾಗ ಹೃದಯದ ಸ್ವಂತ ನಾಳಗಳಿಗೆ ರಕ್ತ ಹೆಚ್ಚು ಸಿಗುತ್ತದೆ, ಕುಗ್ಗಿದಾಗ ಹೃದಯದ ಹೊರೆ ಇಳಿಯುತ್ತದೆ. ಆ ಮಹಿಳೆ ಬದುಕಿದರು. ಸೀಳದೆ, ಸೂಜಿ ಚುಚ್ಚಿಯೇ ಬಲೂನು ಏರಿಸುವ ವಿಧಾನ ಸುಮಾರು 1980ರ ಹೊತ್ತಿಗೆ ಬಂದ ಮೇಲೆ ಅದು ಎಲ್ಲ ಹೃದ್ರೋಗ ಆಸ್ಪತ್ರೆಗಳಿಗೂ ಹಬ್ಬಿತು.

ಎರಡನೆಯದು ಇಂಪೆಲ್ಲಾ. ಸಣ್ಣ ತಿರುಗುವ ಪಂಪೊಂದನ್ನು ಕ್ಯಾತಿಟರ್ ಎಂಬ ಸಪೂರ ನಳಿಕೆಯ ತುದಿಯಲ್ಲಿಟ್ಟು ಹೃದಯದ ಎಡ ಕೆಳಗೋಣೆಯೊಳಗೇ ಇಳಿಸುತ್ತಾರೆ. ಅದು ಅಲ್ಲಿಂದ ರಕ್ತ ಹೀರಿ ಮಹಾಪಧಮನಿಗೆ ಬಿಡುತ್ತದೆ. ಮೂರನೆಯದು ಎಕ್ಮೋ. ಇದು ದೊಡ್ಡ ಅಭಿಧಮನಿಯಿಂದ ರಕ್ತವನ್ನು ಹೊರತೆಗೆದು, ದೇಹದ ಹೊರಗೇ ಆಮ್ಲಜನಕ ತುಂಬಿ, ಮತ್ತೆ ದೇಹಕ್ಕೆ ದೂಡುತ್ತದೆ. ಹೃದಯಕ್ಕೆ ಆಸರೆ ಬೇಕಾದಾಗ ಹಿಂತಿರುಗುವ ನಳಿಕೆಯನ್ನು ಅಪಧಮನಿಗೇ ಹಾಕಬೇಕು, ಮತ್ತು ತುರ್ತಿನಲ್ಲಿ ಆ ಅಪಧಮನಿ ತೊಡೆಸಂದಿನದೇ ಆಗಿರುತ್ತದೆ.

ತೊಂದರೆಯ ಬೇರು ಇರುವುದೂ ಅಲ್ಲೇ. ನಳಿಕೆಗಳ ಗಾತ್ರವನ್ನು ವೈದ್ಯರು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಬಲೂನ್ ಪಂಪಿಗೆ ಈಗ 7–8 ಫ್ರೆಂಚ್ ಸಾಕು, ಅಂದರೆ ಎರಡೂವರೆ ಮಿಲಿಮೀಟರಿನ ಆಸುಪಾಸು. ಹೆಚ್ಚು ಬಳಕೆಯಲ್ಲಿರುವ ಇಂಪೆಲ್ಲಾ ಸಿಪಿಯನ್ನು 14 ಫ್ರೆಂಚ್ ನಳಿಕೆಯ ಮೂಲಕ ತೂರಿಸಬೇಕು. ಎಕ್ಮೋದ ಅಪಧಮನಿ ನಳಿಕೆ ಸಾಮಾನ್ಯವಾಗಿ 15ರಿಂದ 19 ಫ್ರೆಂಚ್, ಅಂದರೆ ಐದರಿಂದ ಆರೂಕಾಲು ಮಿಲಿಮೀಟರ್ ದಪ್ಪ. ವಯಸ್ಕರ ತೊಡೆಯ ಅಪಧಮನಿಯ ಅಗಲ ಸುಮಾರು ಆರರಿಂದ ಒಂಬತ್ತು ಮಿಲಿಮೀಟರ್. ಶಾಕ್‌ನಲ್ಲಿ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ರಕ್ತದೊತ್ತಡ ಏರಿಸಲು ಕೊಡುವ ನಾರ್‌ಅಡ್ರಿನಾಲಿನ್‌ನಂಥ ಔಷಧಗಳು ಅವನ್ನು ಇನ್ನಷ್ಟು ಬಿಗಿಯುತ್ತವೆ. ಗದ್ದೆಗೆ ನೀರು ಹಾಯುವ ಕಾಲುವೆಯ ಬಾಯಿಗೆ ಅದೇ ಅಗಲದ ಪೈಪು ತುರುಕಿದರೆ ಕೆಳಗಿನ ಗದ್ದೆ ಒಣಗುವಂತೆ, ನಳಿಕೆಯ ಕೆಳಗಿನ ಕಾಲು ರಕ್ತವಿಲ್ಲದೆ ಬಾಡುತ್ತದೆ.

ನಾಳ ಮುಚ್ಚಿಹೋಗುವುದು ಒಂದು ಬಗೆಯ ಅಪಾಯ ಮಾತ್ರ. ಸೂಜಿ ತುಸು ಮೇಲೆ ಬಿದ್ದರೆ ಕಿಬ್ಬೊಟ್ಟೆಯ ಹಿಂಭಾಗದಲ್ಲಿ ರಕ್ತ ಸೋರಿ ಲೀಟರುಗಟ್ಟಲೆ ಶೇಖರವಾಗಬಹುದು. ಹೊರಗೆ ಒಂದು ಹನಿಯೂ ಕಾಣದು, ಒತ್ತಿ ನಿಲ್ಲಿಸಲು ಕೆಳಗೆ ಎಲುಬಿನ ಆಧಾರವೂ ಇರದು. ತುಸು ಕೆಳಗೆ ಬಿದ್ದರೆ ಚಿಕ್ಕ ಕವಲಿಗೆ ದೊಡ್ಡ ತೂತು. ನಾಳದ ಒಳಪದರ ಸೀಳಬಹುದು. ನಳಿಕೆ ತೆಗೆದ ಮೇಲೂ ಗಾಯ ಸರಿಯಾಗಿ ಮುಚ್ಚದೆ ರಕ್ತದ ಗುಳ್ಳೆ ಕಟ್ಟಿಕೊಳ್ಳಬಹುದು. ನಳಿಕೆಯ ಸುತ್ತ ಕಟ್ಟಿದ ಹೆಪ್ಪು, ಅದನ್ನು ಎಳೆಯುವ ಹೊತ್ತಿಗೆ ಕಳಚಿ ಪಾದದವರೆಗೆ ಹೋಗಿ ಸಿಕ್ಕಿಕೊಳ್ಳಬಹುದು. ತುಂಬಾ ಹೊತ್ತು ರಕ್ತವಿಲ್ಲದೆ ಇದ್ದ ಮೀನಖಂಡಕ್ಕೆ ಮತ್ತೆ ರಕ್ತ ಹರಿದಾಗ ಸ್ನಾಯು ಊದಿ, ಸುತ್ತಲಿನ ಗಟ್ಟಿ ಪೊರೆಯೊಳಗೆ ಸ್ಥಳವಿಲ್ಲದೆ ಹಿಸುಕಿಕೊಳ್ಳುತ್ತದೆ. ಆಗ ಚರ್ಮ ಮತ್ತು ಪೊರೆಯನ್ನು ಉದ್ದಕ್ಕೆ ಸೀಳಿ ತೆರೆದಿಡದೆ ಬೇರೆ ದಾರಿಯಿಲ್ಲ. ಸತ್ತ ಸ್ನಾಯುವಿನಿಂದ ಹೊರಬಿದ್ದ ಪೊಟ್ಯಾಸಿಯಂ ಹೃದಯದ ಲಯ ಕೆಡಿಸುತ್ತದೆ, ಅದರ ಕೆಂಪು ಪ್ರೋಟೀನು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಕಾಲಿನಲ್ಲಿ ಶುರುವಾದ ಹಾನಿ ಹೀಗೆ ಉಳಿಸಲು ಹೊರಟ ಹೃದಯಕ್ಕೇ ಹಿಂತಿರುಗುತ್ತದೆ. ಆದ್ದರಿಂದ ಕಾಲಿನ ಆರೈಕೆ ಪ್ರಾಣ ಉಳಿಸುವ ಕೆಲಸಕ್ಕಿಂತ ಕೆಳಗಿನದು ಎಂಬ ಭಾವನೆಯೇ ವೈದ್ಯಕೀಯವಾಗಿ ತಪ್ಪು.

ಇದಕ್ಕೆ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ಎಚ್ಚರವಿರುವ ಮನುಷ್ಯನ ಕಾಲಿಗೆ ರಕ್ತ ನಿಂತರೆ ನೋವಿನಿಂದ ಕಿರುಚುತ್ತಾನೆ, ಜೋಮು ಹಿಡಿದಿದೆ ಎನ್ನುತ್ತಾನೆ, ಬೆರಳು ಆಡಿಸಲಾಗುತ್ತಿಲ್ಲ ಎಂದು ಹೇಳುತ್ತಾನೆ. ವೆಂಟಿಲೇಟರ್‌ನಲ್ಲಿ ನಿದ್ರೆಯ ಔಷಧದಡಿ ಮಲಗಿದ ರೋಗಿಗೆ ಈ ಯಾವ ಮಾತೂ ಸಾಧ್ಯವಿಲ್ಲ. ಸ್ನಾಯು ರಕ್ತವಿಲ್ಲದೆ ತಾಳಿಕೊಳ್ಳುವುದು ನಾಲ್ಕರಿಂದ ಆರು ಗಂಟೆ. ಅಷ್ಟರೊಳಗೆ ಯಾರಾದರೂ ಹೊದಿಕೆ ಸರಿಸಿ ಪಾದ ಮುಟ್ಟಿ ನೋಡಬೇಕು. ಎಕ್ಮೋದಲ್ಲಿ ರಕ್ತ ಮಿಡಿಯದೆ ಒಂದೇ ಸಮನೆ ಹರಿಯುವುದರಿಂದ ಪಾದದ ನಾಡಿ ಬೆರಳಿಗೆ ಸಿಗದಿರುವುದೇ ಹೆಚ್ಚು. ರಕ್ತದ ಹರಿವನ್ನು ಧ್ವನಿ ತರಂಗದಿಂದ ಪತ್ತೆಹಚ್ಚುವ ಡಾಪ್ಲರ್ ಬೇಕು, ಎರಡೂ ಕಾಲಿನ ಬಿಸಿ ಮತ್ತು ಬಣ್ಣ ಹೋಲಿಸಬೇಕು, ಅನುಕೂಲವಿದ್ದಲ್ಲಿ ಮೀನಖಂಡದ ಮೇಲೆ ಆಮ್ಲಜನಕ ಅಳೆಯುವ ಸೆನ್ಸರ್ ಅಂಟಿಸಬೇಕು. ಈ ಕೆಲಸ ಬೀಳುವುದು ನರ್ಸ್‌ಗಳ ಮೇಲೆ. ಒಬ್ಬ ನರ್ಸ್ ಮೂರು ನಾಲ್ಕು ಗಂಭೀರ ರೋಗಿಗಳನ್ನು ನೋಡಬೇಕಾದ ಐಸಿಯುವಿನಲ್ಲಿ ಗಂಟೆಗೊಮ್ಮೆ ಪಾದ ಪರೀಕ್ಷಿಸುವುದು ಕಾಗದದ ಮೇಲಿನ ನಿಯಮವಾಗಿಯೇ ಉಳಿಯುವ ಅಪಾಯವಿದೆ.

ಈ ತೊಂದರೆಗಳು ಎಷ್ಟು ಸಾಮಾನ್ಯ? ಯಂತ್ರ ದಪ್ಪವಾದಷ್ಟೂ ಹೆಚ್ಚು. ಬಲೂನ್ ಪಂಪ್ ಕುರಿತ ಅಂತರರಾಷ್ಟ್ರೀಯ ಬೆಂಚ್‌ಮಾರ್ಕ್ ದಾಖಲೆ 2001ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 16,909 ರೋಗಿಗಳಲ್ಲಿ ಕಾಲಿಗೆ ಗಂಭೀರ ರಕ್ತಕೊರತೆ ಆದದ್ದು ಶೇ 0.9ರಷ್ಟು ಮಂದಿಗೆ. ಎಕ್ಮೋ ಬೇರೆಯೇ ಲೋಕ. 2014ರಲ್ಲಿ 20 ಅಧ್ಯಯನಗಳ 1,866 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಕಾಲಿನ ರಕ್ತಕೊರತೆ ಶೇ 16.9, ಮೀನಖಂಡ ಸೀಳಬೇಕಾದದ್ದು ಅಥವಾ ಅಂಥ ಒತ್ತಡ ಉಂಟಾದದ್ದು ಶೇ 10.3, ಕಾಲು ತೆಗೆಯಬೇಕಾದದ್ದು ಶೇ 4.7, ದೊಡ್ಡ ರಕ್ತಸ್ರಾವ ಶೇ 40.8 ಎಂದು ಕಂಡುಬಂತು. ನೂರರಲ್ಲಿ ಐವರ ಕಾಲು ಹೋಗುತ್ತದೆ ಎನ್ನುವುದು ಸಣ್ಣ ಸಂಗತಿಯಲ್ಲ.

ಅಷ್ಟಾಗಿಯೂ ಜೀವ ಉಳಿದರೆ ಕಾಲಿನ ಬೆಲೆ ತೆತ್ತರೂ ಸರಿಯೇ ಎನ್ನಬಹುದು. ಅದಕ್ಕೇ ಜೀವ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ ಕೇಳಲೇಬೇಕು. ಜರ್ಮನಿಯ ಹೋಲ್ಗರ್ ಥೀಲೆ ಮತ್ತು ಸಂಗಡಿಗರು ಎರಡು ಬಾರಿ ಆ ಪ್ರಶ್ನೆ ಕೇಳಿದರು. 2012ರ ಪರೀಕ್ಷೆಯಲ್ಲಿ 600 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಬಲೂನ್ ಪಂಪ್ ಹಾಕಿದವರಲ್ಲಿ 30 ದಿನದೊಳಗೆ ಸತ್ತವರು ಶೇ 39.7, ಹಾಕದವರಲ್ಲಿ ಶೇ 41.3. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. 2023ರಲ್ಲಿ ಜರ್ಮನಿ ಮತ್ತು ಸ್ಲೊವೇನಿಯಾದ ಆಸ್ಪತ್ರೆಗಳಲ್ಲಿ ಎಕ್ಮೋವನ್ನು ಹೀಗೆಯೇ ಪರೀಕ್ಷಿಸಿದಾಗ ಸಾವು ಎಕ್ಮೋ ಹಾಕಿದವರಲ್ಲಿ ಶೇ 47.8, ಹಾಕದವರಲ್ಲಿ ಶೇ 49. ಜೀವದ ಲೆಕ್ಕ ಬದಲಾಗಲಿಲ್ಲ. ರಕ್ತನಾಳದ ಲೆಕ್ಕ ಬದಲಾಯಿತು. ಮಧ್ಯಮ ಅಥವಾ ತೀವ್ರ ರಕ್ತಸ್ರಾವ ಎಕ್ಮೋ ಗುಂಪಿನಲ್ಲಿ ಶೇ 23.4, ಇನ್ನೊಂದರಲ್ಲಿ ಶೇ 9.6. ಚಿಕಿತ್ಸೆ ಮಾಡಲೇಬೇಕಾದಂಥ ಕೈಕಾಲಿನ ರಕ್ತನಾಳದ ತೊಂದರೆ ಶೇ 11, ಇನ್ನೊಂದರಲ್ಲಿ ಶೇ 3.8. ಕಾಲಿಗೆ ಪ್ರತ್ಯೇಕ ರಕ್ತ ಹರಿಸುವ ನಳಿಕೆಯನ್ನು ಬಹುತೇಕ ಎಲ್ಲರಿಗೂ ಹಾಕಿದ್ದ, ಅನುಭವಿ ಕೇಂದ್ರಗಳ ಅಂಕಿಗಳು ಇವು.

2024ರಲ್ಲಿ ಚಿತ್ರ ಸ್ವಲ್ಪ ಬೆಳಗಿತು. ಡೆನ್ಮಾರ್ಕ್, ಜರ್ಮನಿ ಮತ್ತು ಬ್ರಿಟನ್‌ಗಳಲ್ಲಿ ಹತ್ತು ವರ್ಷ ನಡೆದ ಡೇಂಜರ್ ಶಾಕ್ ಪರೀಕ್ಷೆಯ ಫಲಿತಾಂಶ ಹೊರಬಂತು. ದೊಡ್ಡ ಹೃದಯಾಘಾತದಿಂದ ಶಾಕ್‌ಗೆ ಜಾರಿದವರಿಗೆ ಇಂಪೆಲ್ಲಾ ಹಾಕಿದಾಗ 180 ದಿನದೊಳಗಿನ ಸಾವು ಶೇ 58.5ರಿಂದ ಶೇ 45.8ಕ್ಕೆ ಇಳಿಯಿತು. ಎಂಟು ಜನರಿಗೆ ಅಳವಡಿಸಿದರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತದೆ. ದಶಕಗಳಲ್ಲಿ ಈ ಕ್ಷೇತ್ರ ಕಂಡ ದೊಡ್ಡ ಗೆಲುವು ಇದು, ಸಂದೇಹವಿಲ್ಲ. ಆದರೆ ಅದೇ ವರದಿಯಲ್ಲಿ ಕಾಲಿನ ರಕ್ತಕೊರತೆ ಶೇ 1.1ರಿಂದ ಶೇ 5.6ಕ್ಕೆ, ರಕ್ತಸ್ರಾವ ಶೇ 11.9ರಿಂದ ಶೇ 21.8ಕ್ಕೆ, ಡಯಾಲಿಸಿಸ್ ಬೇಕಾದವರು ಶೇ 26.7ರಿಂದ ಶೇ 41.9ಕ್ಕೆ ಏರಿದ್ದೂ ದಾಖಲಾಗಿದೆ. ಗೆಲುವನ್ನು ಮಾತ್ರ ಓದಿ ಬೆಲೆಯನ್ನು ಓದದವರು ಅರ್ಧ ವರದಿ ಓದಿದಂತೆ. ಆ ಪರೀಕ್ಷೆಯಲ್ಲಿ ರೋಗಿಗಳನ್ನು ಬಹಳ ಬಿಗಿಯಾಗಿ ಆರಿಸಲಾಗಿತ್ತು. ಹೃದಯ ನಿಂತು ಪ್ರಜ್ಞೆ ಮರಳದಿದ್ದವರನ್ನು ಸೇರಿಸಿರಲಿಲ್ಲ. ಬಿಗಿಯಾಗಿ ಆರಿಸದೆ ಕಂಡಕಂಡವರಿಗೆ ಹಾಕಿದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ದಾಖಲೆಗಳನ್ನು ಆಧರಿಸಿದ 2020ರ ಅಧ್ಯಯನವೊಂದು ಸೂಚನೆ ಕೊಡುತ್ತದೆ. ಅಲ್ಲಿ ಹೋಲಿಕೆಯ ರೋಗಿಗಳನ್ನು ಜೋಡಿಯಾಗಿಸಿ ನೋಡಿದಾಗ ದೊಡ್ಡ ರಕ್ತಸ್ರಾವ ಇಂಪೆಲ್ಲಾ ಹಾಕಿದವರಲ್ಲಿ ಶೇ 31.3, ಬಲೂನ್ ಪಂಪ್ ಹಾಕಿದವರಲ್ಲಿ ಶೇ 16. ಆಸ್ಪತ್ರೆಯಲ್ಲಿನ ಸಾವು ಶೇ 45 ಮತ್ತು ಶೇ 34.1.

ಅಮೆರಿಕದ ಹೃದ್ರೋಗ ಸಂಘಗಳ 2025ರ ಮಾರ್ಗಸೂಚಿ ಇದನ್ನೆಲ್ಲ ಅಳೆದು ತೂಗಿ, ಆಯ್ದ ರೋಗಿಗಳಿಗೆ ಇಂಪೆಲ್ಲಾ ಬಳಸುವುದು ಸಮಂಜಸ ಎಂದಿತು. ಹೃದಯಾಘಾತದ ಶಾಕ್‌ನಲ್ಲಿ ಬಲೂನ್ ಪಂಪ್ ಮತ್ತು ಎಕ್ಮೋವನ್ನು ವಾಡಿಕೆಯಾಗಿ ಬಳಸುವುದು ಬೇಡ ಎಂದಿತು. ಯಂತ್ರ ಇದೆ ಎಂಬುದೇ ಅದನ್ನು ಹಾಕಲು ಕಾರಣವಾಗಬಾರದು.

ಈ ಅಂಕಿಗಳನ್ನು ಕರ್ನಾಟಕದ ಆಸ್ಪತ್ರೆಗೆ ತಂದು ನೋಡುವಾಗ ಇನ್ನಷ್ಟು ಎಚ್ಚರ ಬೇಕು. ಬಲೂನ್ ಪಂಪಿನ ಬೆಂಚ್‌ಮಾರ್ಕ್ ದಾಖಲೆ ನಾಲ್ಕು ಬಗೆಯ ಜನರಿಗೆ ಅಪಾಯ ಹೆಚ್ಚು ಎಂದು ಗುರುತಿಸಿತ್ತು: ಮಹಿಳೆಯರು, 75 ದಾಟಿದವರು, ಕಾಲಿನ ರಕ್ತನಾಳ ಮೊದಲೇ ಕೆಟ್ಟಿರುವವರು, ಮತ್ತು ದೇಹದ ಮೇಲ್ಮೈ 1.65 ಚದರ ಮೀಟರಿಗಿಂತ ಕಡಿಮೆ ಇರುವವರು. ಕೊನೆಯದನ್ನು ಲೆಕ್ಕ ಹಾಕಿ ನೋಡಿ. ಐದಡಿ ಎತ್ತರ, 55 ಕೆ.ಜಿ. ತೂಕದ ಮಹಿಳೆಯ ಮೇಲ್ಮೈ ಸುಮಾರು 1.5 ಚದರ ಮೀಟರ್. ಐದೂವರೆ ಅಡಿಗೆ ಒಂದಿಷ್ಟು ಕಡಿಮೆ ಎತ್ತರದ, 58 ಕೆ.ಜಿ. ತೂಕದ ಗಂಡಸಿನದೂ 1.65ನ್ನು ಮುಟ್ಟುವುದಿಲ್ಲ. ಪಶ್ಚಿಮದಲ್ಲಿ ಅಪವಾದವೆನಿಸುವ ಮೈಕಟ್ಟು ನಮ್ಮ ಹಳ್ಳಿ ಪೇಟೆಗಳಲ್ಲಿ ಸಾಮಾನ್ಯ. ಇದರ ಮೇಲೆ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಸೇರಿದರೆ ಕಾಲಿನ ನಾಳ ಮೊದಲೇ ಸುಣ್ಣಗಟ್ಟಿ ಕಿರಿದಾಗಿರುತ್ತದೆ. ಡೇಂಜರ್ ಶಾಕ್ ಪರೀಕ್ಷೆಯಲ್ಲಿ ಮಹಿಳೆಯರಿದ್ದದ್ದು ಐವರಲ್ಲಿ ಒಬ್ಬರಂತೆ ಮಾತ್ರ. ಎತ್ತರದ ಯುರೋಪಿಯನ್ ಗಂಡಸರಲ್ಲಿ ಕಂಡ ಲಾಭ ನಷ್ಟದ ತೂಕವನ್ನು ಕೊಪ್ಪಳದ ಐವತ್ತೈದು ಕೆ.ಜಿ.ಯ ಅಜ್ಜಿಗೆ ಹಾಗೇ ಅನ್ವಯಿಸಲಾಗದು. ನಳಿಕೆ ಆರಿಸುವ ಮುನ್ನ ಅಲ್ಟ್ರಾಸೌಂಡ್‌ನಲ್ಲಿ ನಾಳದ ಅಗಲ ಅಳೆಯುವುದು ನಮ್ಮಲ್ಲಿ ಐಚ್ಛಿಕವಾಗಿ ಉಳಿಯಬಾರದು.

ನಮ್ಮ ರಾಜ್ಯದ ಒಂದು ಒಳ್ಳೆಯ ಯೋಜನೆಗೂ ಈ ವಿಷಯಕ್ಕೂ ನಂಟಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಎದೆನೋವಿನಿಂದ ಬಂದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಟ್ಟು, ನಂತರ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಊರಿನ ಹತ್ತಿರವೇ ಜೀವ ಉಳಿಯುವ ಈ ವ್ಯವಸ್ಥೆ ಮೆಚ್ಚತಕ್ಕದ್ದು, ಇನ್ನಷ್ಟು ಬೆಳೆಯತಕ್ಕದ್ದು. ಆದರೆ ಹೀಗೆ ಬಂದವರಲ್ಲಿ ಕೆಲವರು ದಾರಿಯಲ್ಲೋ ಕೇಂದ್ರ ತಲುಪಿದ ಮೇಲೋ ಶಾಕ್‌ಗೆ ಜಾರುತ್ತಾರೆ. ಆಗ ಅವರ ರಕ್ತದಲ್ಲಿ ಹೆಪ್ಪು ಕರಗಿಸುವ ಔಷಧದ ಪ್ರಭಾವ ಇನ್ನೂ ಇರುತ್ತದೆ. ಜೊತೆಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಹೆಪರಿನ್. ಅಂಥ ದೇಹದ ತೊಡೆಯ ಅಪಧಮನಿಗೆ ದಪ್ಪ ನಳಿಕೆ ಹಾಕುವಾಗ ಒಂದು ತಪ್ಪು ಚುಚ್ಚು ಸಾಕು. ಯುರೋಪಿನ ಪರೀಕ್ಷೆಗಳ ರೋಗಿಗಳಲ್ಲಿ ಹೆಚ್ಚಿನವರು ನೇರ ಆಂಜಿಯೋಪ್ಲಾಸ್ಟಿಗೆ ಬಂದವರು; ನಮ್ಮ ರೋಗಿಗಳ ಹಾದಿ ಬೇರೆ. ಹಾಗಾಗಿ ತಾಲ್ಲೂಕಿನಿಂದ ಬರುವ ಚೀಟಿಯಲ್ಲಿ ಚುಚ್ಚುಮದ್ದು ಕೊಟ್ಟ ಹೊತ್ತು ಸ್ಪಷ್ಟವಾಗಿ ಬರೆದಿರಬೇಕು, ನಳಿಕೆ ಹಾಕುವ ವೈದ್ಯರು ಅದನ್ನು ಓದಿಯೇ ಮುಂದುವರಿಯಬೇಕು.

ಅಪಾಯ ಹೆಚ್ಚಲು ಇನ್ನೊಂದು ಕಾರಣ ಹೃದ್ರೋಗ ಚಿಕಿತ್ಸೆಯ ಪ್ರಗತಿಯಿಂದಲೇ ಬಂದದ್ದು. 1989ರಲ್ಲಿ ಕೆನಡಾದ ಲೂಸಿಯನ್ ಕಾಂಪೊ ಮಣಿಕಟ್ಟಿನ ನಾಳದಿಂದ ಆಂಜಿಯೋಗ್ರಾಂ ಮಾಡಿದ ಅನುಭವ ಪ್ರಕಟಿಸಿದರು. 1992ರಲ್ಲಿ ನೆದರ್ಲೆಂಡ್ಸ್‌ನ ಫರ್ಡಿನಾಂಡ್ ಕೀಮೆನೇಯ್ ಅದೇ ದಾರಿಯಿಂದ ಆಂಜಿಯೋಪ್ಲಾಸ್ಟಿ ಆರಂಭಿಸಿದರು. ಈಗ ನಮ್ಮ ಕ್ಯಾತ್‌ಲ್ಯಾಬ್‌ಗಳಲ್ಲೂ ಕೈಯಿಂದ ಮಾಡುವುದೇ ರೂಢಿ. ರೋಗಿಗೆ ಇದರಿಂದ ಬಹಳ ಒಳ್ಳೆಯದಾಯಿತು, ರಕ್ತಸ್ರಾವ ಇಳಿಯಿತು. ಆದರೆ ಹೊಸ ತಲೆಮಾರಿನ ವೈದ್ಯರಿಗೆ ತೊಡೆಯ ನಾಳ ಚುಚ್ಚಿ ರೂಢಿ ಕಡಿಮೆಯಾಯಿತು. ದಿನನಿತ್ಯದ ಸುಲಭ ರೋಗಿಗಳಲ್ಲಿ ಕಲಿಯಬೇಕಾದ ಕೌಶಲವನ್ನು ಅತ್ಯಂತ ಗಂಭೀರ ರೋಗಿಯ ಮೇಲೆ, ಅತ್ಯಂತ ದಪ್ಪ ನಳಿಕೆಯೊಂದಿಗೆ, ನಡುರಾತ್ರಿಯ ತುರ್ತಿನಲ್ಲಿ ಪ್ರಯೋಗಿಸಬೇಕಾದ ಸ್ಥಿತಿ ಬಂದಿದೆ. ತರಬೇತಿ ಕೊಡುವ ಸಂಸ್ಥೆಗಳು ಇದನ್ನು ಗಂಭೀರವಾಗಿ ಎದುರಿಸಬೇಕು. ತೊಡೆಯ ನಾಳದ ಚುಚ್ಚುವಿಕೆಯನ್ನು ಮಾದರಿಗಳ ಮೇಲೆ, ಹಿರಿಯರ ಕಣ್ಣಡಿಯಲ್ಲಿ ಕಲಿಸದೆ ಹೃದ್ರೋಗ ತಜ್ಞರ ಡಿಎಂ ಪದವಿ ಕೊಡುವುದು ನ್ಯಾಯವಲ್ಲ.

ಪರಿಹಾರಗಳು ದುಬಾರಿಯಲ್ಲ. ಅಲ್ಟ್ರಾಸೌಂಡ್ ನೋಡುತ್ತಾ ಚುಚ್ಚುವುದನ್ನೇ ತೆಗೆದುಕೊಳ್ಳಿ. 2010ರಲ್ಲಿ 1,004 ರೋಗಿಗಳ ಮೇಲೆ ನಡೆದ ಫೌಸ್ಟ್ ಪರೀಕ್ಷೆಯಲ್ಲಿ ಮೊದಲ ಚುಚ್ಚಿಗೇ ನಾಳ ಸಿಕ್ಕಿದ್ದು ಅಲ್ಟ್ರಾಸೌಂಡ್ ಬಳಸಿದಾಗ ಶೇ 83, ಬಳಸದಾಗ ಶೇ 46. ರಕ್ತನಾಳದ ತೊಂದರೆ ಶೇ 1.4 ಮತ್ತು ಶೇ 3.4. ಕೆನಡಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಇಷ್ಟು ಸ್ಪಷ್ಟ ವ್ಯತ್ಯಾಸ ತೋರಿಸಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಬಹುಪಾಲು ಐಸಿಯುಗಳಲ್ಲಿ ಈಗಾಗಲೇ ಇರುವ ಯಂತ್ರವನ್ನು ಪಕ್ಕಕ್ಕೆ ಎಳೆದು ನಾಳದ ಅಗಲ, ಕವಲು, ಸುಣ್ಣದ ಪದರ ನೋಡಿಕೊಂಡು ಚುಚ್ಚಲು ತಗಲುವುದು ಒಂದೆರಡು ನಿಮಿಷ. ದಪ್ಪ ನಳಿಕೆ ಹಾಕುವಾಗ ಅದನ್ನು ಬಿಡಲು ಕಾರಣವೇ ಇಲ್ಲ.

ಎಕ್ಮೋದಲ್ಲಿ ಮುಖ್ಯ ನಳಿಕೆಯ ಕೆಳಗೆ, ಪಾದದ ಕಡೆಗೆ ಮುಖ ಮಾಡಿದ ಸಣ್ಣ ನಳಿಕೆಯೊಂದನ್ನು ಸೇರಿಸಿ ಕಾಲಿಗೆ ಬೇರೆಯಾಗಿ ರಕ್ತ ಹರಿಸುವುದು ಇನ್ನೊಂದು ಉಪಾಯ. 5ರಿಂದ 8 ಫ್ರೆಂಚ್ ಗಾತ್ರದ ಈ ನಳಿಕೆಯನ್ನು ಮೊದಲೇ ಹಾಕಿದಾಗ ಕಾಲಿನ ರಕ್ತಕೊರತೆ ಕಡಿಮೆಯಾಗುತ್ತದೆ ಎಂದು ಹಲವು ಕೇಂದ್ರಗಳ ಅನುಭವ ಹೇಳುತ್ತದೆ. ಕಾಲು ನೀಲಿಗಟ್ಟಿದ ಮೇಲೆ ಹಾಕುವುದಕ್ಕೂ ಮೊದಲ ಗಂಟೆಯಲ್ಲೇ ಹಾಕುವುದಕ್ಕೂ ಅಜಗಜಾಂತರ. ಹಲವು ದಿನ ಆಸರೆ ಬೇಕಾಗುವ ರೋಗಿಗೆ ಹೆಗಲ ಬಳಿಯ ನಾಳದಿಂದ ಇಂಪೆಲ್ಲಾ 5.5 ಎಂಬ ಮಾದರಿ ಹಾಕುವ ದಾರಿಯೂ ಇದೆ. ಆಗ ಕಾಲು ಬಿಡುಗಡೆಯಾಗಿರುತ್ತದೆ, ರೋಗಿ ಎದ್ದು ನಡೆಯಲೂಬಹುದು. ಹೆಪ್ಪು ಕಾಲಿಗೆ ಜಾರಿದರೆ ಅದನ್ನು ಎಳೆದು ತೆಗೆಯುವ ಸಾಧನವಾದ ಥಾಮಸ್ ಫೊಗಾರ್ಟಿ ಅವರ ಬಲೂನ್ ಕ್ಯಾತಿಟರ್ 1963ರಿಂದಲೂ ಬಳಕೆಯಲ್ಲಿದೆ. ಸಾಧನ ಹಳೆಯದು, ಸುಲಭಕ್ಕೆ ಸಿಗುವಂಥದು. ಕೊರತೆ ಇರುವುದು ಅದನ್ನು ಬಳಸಬಲ್ಲ ರಕ್ತನಾಳ ಶಸ್ತ್ರವೈದ್ಯರದ್ದು. ಹೃದ್ರೋಗ ತಜ್ಞರು ಇರುವ ಜಿಲ್ಲಾ ಕೇಂದ್ರದಲ್ಲೂ ರಕ್ತನಾಳ ಶಸ್ತ್ರವೈದ್ಯರು ಇರುವುದು ಅಪರೂಪ. ಆರು ಗಂಟೆಯೊಳಗೆ ಅಂಥ ತಜ್ಞರನ್ನು ಕರೆಸಲಾಗದ ಆಸ್ಪತ್ರೆ ದಪ್ಪ ನಳಿಕೆಯ ಯಂತ್ರ ಹಾಕುವ ಮುನ್ನ, ರೋಗಿಯನ್ನು ಬೇರೆಡೆಗೆ ಸಾಗಿಸುವುದು ಮೇಲೋ ಎಂದು ಪ್ರಾಮಾಣಿಕವಾಗಿ ಯೋಚಿಸಬೇಕು.

ಇನ್ನು ಕುಟುಂಬದ ಮಾತು. ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಪರ್ಯಾಯಗಳನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಜೀವ ಹೋಗುವ ತುರ್ತಿನಲ್ಲಿ ವೈದ್ಯರು ಕಾಯಬೇಕಿಲ್ಲ, ಕಾಯಬಾರದು ಕೂಡ. ಆದರೆ ಯಂತ್ರ ಹಾಕಿದ ಮೊದಲ ಗಂಟೆಯ ನಂತರ ಕುಟುಂಬದ ಜೊತೆ ಕುಳಿತು ಕನ್ನಡದಲ್ಲಿ, ಅರ್ಥವಾಗುವ ಮಾತಿನಲ್ಲಿ ಹೇಳಲು ಸಮಯ ಇದ್ದೇ ಇರುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕು ಪುಟದ ಕಾಗದಕ್ಕೆ ಮಗನ ಸಹಿ ಹಾಕಿಸಿಕೊಂಡರೆ ತಿಳಿಸಿದಂತಾಗುವುದಿಲ್ಲ. ಈ ಯಂತ್ರಗಳಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಜಮೀನು ಅಡವಿಟ್ಟು, ಒಡವೆ ಮಾರಿ ಹಣ ಹೊಂದಿಸುವ ಜನರಿದ್ದಾರೆ. ಬದುಕುಳಿದವರು ಕಾಲು ಕಳೆದುಕೊಂಡು ಮರಳಿದರೆ ಆ ಮನೆಯ ದುಡಿಮೆ ನಿಲ್ಲುತ್ತದೆ. ಈ ಸಾಧ್ಯತೆ ಗೊತ್ತಿದ್ದೂ ಒಪ್ಪುವುದು ಅವರ ಹಕ್ಕು. ಗೊತ್ತಿಲ್ಲದೆ ಒಪ್ಪಿಸುವುದು ಅನ್ಯಾಯ.

ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತವರು ಅಳುಕದೆ ಕೇಳಬಹುದಾದ ಮಾತುಗಳಿವೆ. ಯಾವ ಯಂತ್ರ, ಯಾವ ಕಾಲಿನಿಂದ, ಎಷ್ಟು ದಿನಕ್ಕೆ? ಎಕ್ಮೋ ಆದರೆ ಕಾಲಿಗೆ ಬೇರೆ ನಳಿಕೆ ಹಾಕಿದ್ದೀರಾ? ಪಾದವನ್ನು ಗಂಟೆಗೊಮ್ಮೆ ನೋಡಿ ಬರೆಯುತ್ತಿದ್ದೀರಾ? ಕಾಲಿಗೆ ತೊಂದರೆಯಾದರೆ ಯಾವ ತಜ್ಞರು ಬರುತ್ತಾರೆ? ಒಳಗೆ ಬಿಟ್ಟಾಗ ಹೊದಿಕೆ ಸರಿಸಿ ಎರಡೂ ಪಾದ ಮುಟ್ಟಿ ನೋಡಿ. ಒಂದು ತಣ್ಣಗೆ, ಬಿಳಿಚಿಕೊಂಡಿದ್ದರೆ ತಕ್ಷಣ ನರ್ಸ್‌ಗೆ ಹೇಳಿ. ಒಳ್ಳೆಯ ವೈದ್ಯರು ಇದರಿಂದ ಸಿಡುಕುವುದಿಲ್ಲ.

ಅಮೆರಿಕದ ಮಿಷಿಗನ್‌ನಲ್ಲಿ ನೆಲೆಯಿರುವ ಎಲ್ಸೋ ಸಂಸ್ಥೆ 1989ರಿಂದ ಲೋಕದ ಎಕ್ಮೋ ಕೇಂದ್ರಗಳ ಫಲಿತಾಂಶಗಳನ್ನು ತೊಂದರೆಗಳ ಸಮೇತ ಕಲೆಹಾಕುತ್ತಿದೆ. ಆದರೆ ಈ ಲೇಖನದಲ್ಲಿ ಬಂದ ಅಂಕಿಗಳಲ್ಲಿ ಒಂದೂ ಕರ್ನಾಟಕದ್ದಲ್ಲ. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಲಕ್ಷಾಂತರ ಹೃದ್ರೋಗಿಗಳನ್ನು ನೋಡುವ ಜಯದೇವ ಸಂಸ್ಥೆಯಂಥ ಸರ್ಕಾರಿ ಕೇಂದ್ರ ಇಂಥ ಲೆಕ್ಕ ಇಡುವ ಕೆಲಸಕ್ಕೆ ಮೊದಲ ಹೆಜ್ಜೆ ಇಡಬಲ್ಲದು. ಎಷ್ಟು ಮಂದಿಗೆ ಯಾವ ಯಂತ್ರ ಹಾಕಲಾಯಿತು, ಎಷ್ಟು ಮಂದಿ ಬದುಕಿದರು, ಎಷ್ಟು ಮಂದಿಯ ಕಾಲಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು, ಎಷ್ಟು ಮಂದಿ ಕಾಲು ಕಳೆದುಕೊಂಡರು ಎಂಬುದನ್ನು ಹೆಸರಿಲ್ಲದ ಅಂಕಿಗಳಾಗಿ ವರ್ಷಕ್ಕೊಮ್ಮೆ ಪ್ರಕಟಿಸಲಿ. ಆರೋಗ್ಯ ಇಲಾಖೆ ಖಾಸಗಿ ಆಸ್ಪತ್ರೆಗಳಿಂದಲೂ ಅದೇ ಲೆಕ್ಕ ಕೇಳಲಿ, ಮತ್ತು ಸರ್ಕಾರಿ ಹಣದಲ್ಲಿ ಅಳವಡಿಸುವ ಪ್ರತಿ ಯಂತ್ರಕ್ಕೂ ಆ ಲೆಕ್ಕ ಕೊಡುವುದನ್ನು ಷರತ್ತಾಗಿಸಲಿ.